ಫರಸಿ ಮೇಲಿನ ಹುಣಸೆ ಬೀಜ

ಶಾಂತಾಬಾಯಿ, ಆ ದಿನ ನಿಮ್ಮ ಓಣಿಯವರ ಬೀಜಗಳನ್ನು ಸರಿಸಿದವನು ನಾನು.

ತಮಾಷೆಗೆ — ಅಷ್ಟೇ. ಶಹಾಬಾದದಿಂದ ಕಾಳಗಿವರೆಗೆ ನನ್ನಂಥ ಕಿಲಾಡಿ ಇನ್ನೊಬ್ಬನಿಲ್ಲ. ಮದುವೆಯಲ್ಲಿ ಬೀಗರ ಚಪ್ಪಲಿ ಬಚ್ಚಿಟ್ಟು, ಅವರ ಜೊತೆಗೇ ಬೆವರು ಸುರಿಸಿ ಹುಡುಕಿದವನು ನಾನು! ಹೀಗಿರುವಾಗ, ನಮ್ಮೂರ ನೀರಿನ ಯೋಜನೆ ಹೇಗೆ ನಡೆದಿದೆ ಎಂದು ನೋಡಲು ಪಟ್ಟಣದ ತಂಡ ಬಂದರೆ ಕೈ ಸುಮ್ಮನಿದ್ದೀತೇ?

ಮುಂದಿನ ಹಣ ಯಾವುದಕ್ಕೆಂದು ಎರಡೇ ದಿನದಲ್ಲಿ ಊರಿನ ಮನಸ್ಸು ತಿಳಿಯಬೇಕಿತ್ತು ಅವರಿಗೆ. ಸಮುದಾಯ ಭವನದ ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಎಳೆದರು — ಒಂದರಲ್ಲಿ ನಳದ ಚಿತ್ರ, ಒಂದರಲ್ಲಿ ರಸ್ತೆ, ಇನ್ನೊಂದರಲ್ಲಿ ಬೀದಿದೀಪ. ನಿಮಗೆಲ್ಲ ಹುಣಸೆ ಬೀಜ ಹಂಚಿ, ಯಾವುದರ ತೊಂದರೆ ಹೆಚ್ಚೋ ಅಲ್ಲಿ ಇಡಲು ಹೇಳಿದರು. ಪಟ್ಟಣದವರು ಎದುರಿಗಿದ್ದರೆ ನಿಮಗೆ ಸಂಕೋಚವಂತೆ — ಬೀಜ ಕಾಯಲು ನನ್ನನ್ನು ಬಿಟ್ಟು ಚಹಾಕ್ಕೆ ಹೋದರು.

ನಿಮ್ಮ ಓಣಿಗೆ ನಳವೇ ಬಂದಿರಲಿಲ್ಲ. ಹಳೆಯ ಕಲ್ಲುಗಣಿಯಲ್ಲಿ ನಿಂತ ನೀರೇ ಗತಿ. ಎಲ್ಲಿಡಬೇಕೆಂದು ನೀನೇ ಎಲ್ಲರಿಗೂ ತೋರಿಸಿದೆ. ನಳದ ಮೇಲೆ ಬೀಜ ಗುಡ್ಡೆಯಾಯಿತು. ನೀವೆಲ್ಲ ಕಲ್ಲು ಪಾಲಿಶ್ ಕೆಲಸಕ್ಕೆ ಓಡಿದಿರಿ. ನಾನು ಕಾಲಿನಿಂದ ಆ ಗುಡ್ಡೆಯನ್ನು ರಸ್ತೆಗೆ ತಳ್ಳಿದೆ. ತಂಡದವರು ಓದಿದವರಲ್ಲವೇ, ಕೂಡಲೇ ಹಿಡಿಯುತ್ತಾರೆ, ಎಲ್ಲರೂ ನಗೋಣ ಎಂದುಕೊಂಡು —

ತಂಡದ ಹಿರಿಯರು ಬಂದು ನೋಡಿ ಬೆರಗಾದರು. "ನಾವು ನೀರು ಅಂದ್ಕೊಂಡಿದ್ವಿ. ಇವರಿಗೆ ರಸ್ತೆ ಬೇಕಾ!"

"ಹೌದ್ರಿ ಸಾಹೇಬ್ರ, ನಮ್ಮ ಹೆಣ್ಮಕ್ಕಳು ಭಾಳ ಶ್ಯಾಣ್ಯಾರದಾರ್ರಿ," ಎಂದೆ.

ಅವರು ಫೋಟೊ ತೆಗೆದುಕೊಂಡು ಜೀಪು ಹತ್ತಿದರು. ಆಗಲೂ ಕೂಗಿ ನಿಲ್ಲಿಸಬಹುದಿತ್ತು. ಒಳಗೊಳಗೇ ನಗುತ್ತ ನಿಂತಿದ್ದೆ.

ರಸ್ತೆ ಬಂತು, ನಿಮ್ಮ ಓಣಿಯ ಪೈಪು ಬರಲಿಲ್ಲ. ಓಣಿಯವರು ನಿನ್ನನ್ನು ಬೈದರು. ನೀನು ನನ್ನ ಬಳಿಗೇ ಬಂದೆ.

"ಕಾಕಾ, ನಾ ನಳದಾಗೇ ಇಡಸೀನಿ ಅನಸ್ತದ. ಚಿತ್ರ ತಿಳೀಲಾರದ ತಪ್ಪು ಕಡಿ ಇಡಸಿದೆ ಏನ್ರಿ?"

"ಇರಬೇಕವ್ವಾ. ಓದಿಲ್ಲ, ಬರಿದಿಲ್ಲ..." ಎಂದೆ.

ಅಂದಿನಿಂದ ನೀನು ಯಾವ ಸಭೆಗೂ ಬಂದಿಲ್ಲ. ಕರೆದರೆ, "ನನಗ ತಿಳಿಯಂಗಿಲ್ಲ, ತಿಳಿದೋರು ಹೋಗ್ಲಿ" ಎನ್ನುತ್ತೀಯಂತೆ. ಬೀಜ ಸರಿಸಿದ್ದನ್ನು ಚೇಷ್ಟೆ ಎನ್ನಬಹುದೇನೋ. ನಿನಗೆ ಹೇಳಿದ ಆ ಮಾತನ್ನು — ಅದಕ್ಕೆ ನನ್ನ ಬಳಿ ಹೆಸರಿಲ್ಲ.

ನಾಳೆ ನಿಮ್ಮ ಓಣಿಯ ಹೆಂಗಸರು ಕೊಡ ಎತ್ತಿಕೊಂಡು ಹೊರಡುವ ಹೊತ್ತಿಗೆ ಬರುತ್ತೇನೆ. ನೀನು ಸರಿಯಾಗಿಯೇ ಇಡಿಸಿದ್ದೆ ಎಂದು ಎಲ್ಲರೆದುರು ಹೇಳುತ್ತೇನೆ. ಮುದುಕನ ಇನ್ನೊಂದು ತಮಾಷೆ ಎಂದು ಅವರು ನಗುತ್ತಾರೆ. ಆ ನಗು ನಿಲ್ಲುವವರೆಗೂ ನಿಂತಿರುತ್ತೇನೆ.