ಓಡುವವರನ್ನು ಕೂರಿಸುವ ಗುಲ್ಷನ್

ಅಮೃತಾಪುರದಲ್ಲಿ ಕೋಳಿ ಕೂಗುವ ಹೊತ್ತು. ಗುಲ್ಷನ್ ಸ್ಕೂಟರಿನಿಂದ ಐಸ್ ಡಬ್ಬಿ ಇಳಿಸಿಕೊಂಡು ಬಾಗಿಲು ತಟ್ಟುತ್ತಾರೆ. ಹೊಸ್ತಿಲಿಗೆ ಅಡ್ಡಲಾಗಿ ಚಾಪೆ ಹಾಸಿ ಮಲಗಿದ್ದ ರಂಗನಾಯಕಮ್ಮ ಎದ್ದು ದಾರಿ ಬಿಡುತ್ತಾರೆ. ಮೊಮ್ಮಗಳು ವಿಭಾ ಮಂಚದ ಮೇಲೆ ಮುಸುಕೆಳೆದಿದ್ದಾಳೆ.

"ಓಡಿದ್ಲಾ ಅಜ್ಜಿ?"

"ಎಲ್ಲಿ ಓಡ್ತಾಳೆ? ಮೂರು ದಿನದಿಂದ ಕಟ್ಟಾಕಿದ ಕರು ಆಗೌಳೆ. ಸೊಪ್ಪು ತರಕ್ಕೂ ಕಳಿಸ್ಲಿಲ್ಲ ಕಣಮ್ಮ."

ಮುಸುಕಿನೊಳಗಿಂದ ದನಿ: "ಅಕ್ಕಾ, ಬೇಗ ಚುಚ್ಚಿ. ಕಾಲು ಓಡೋದ್ನೇ ಮರ್ತೋದ್ವು."

ತರೀಕೆರೆಯ ಲ್ಯಾಬೊಂದರಲ್ಲಿ ರಕ್ತ ತೆಗೆಯುವುದು ಗುಲ್ಷನ್ ಕೆಲಸ. ಕಸ ಗುಡಿಸಲು ಸೇರಿದವರು, ಮಗಳನ್ನು ತಾಯಿಯ ಬಳಿ ಬಿಟ್ಟು ಡಿಪ್ಲೊಮಾ ಓದಿ ಸೂಜಿ ಹಿಡಿದರು. ದಿನಕ್ಕೆ ಮೂವತ್ತು ನಲವತ್ತು ತೋಳು. ಲ್ಯಾಬ್ ತೆರೆಯುವ ಮುಂಚೆ, ಕಡೂರು, ಅಜ್ಜಂಪುರದ ಕಬಡ್ಡಿ, ಓಟದ ಮಕ್ಕಳು ಹಾಸಿಗೆ ಬಿಡುವ ಮೊದಲೇ ಇವರು ಅವರ ಮನೆಯಲ್ಲಿರುತ್ತಾರೆ.

ವಿಭಾ ಈ ಪಟ್ಟಿಗೆ ಸೇರಿದ್ದು ಇದೇ ವಾರ. ಕ್ರೀಡಾ ಹಾಸ್ಟೆಲಿನ ಸೀಟಿಗೆ ರಕ್ತದ ವರದಿ ಬೇಕಿತ್ತು. ಬಸ್ ತಪ್ಪಿತೆಂದು ಹುಡುಗಿ ಊರಿಂದ ಲ್ಯಾಬಿನವರೆಗೂ ಓಡಿ ಬಂದು, ನಲ್ಲಿಯಲ್ಲಿ ಮುಖ ತೊಳೆದು, ಏನೂ ಆಗದವಳಂತೆ ತೋಳು ಚಾಚಿದಳು. ಬಿಳಿ ರಕ್ತಕಣ ಏರಿತ್ತು. ದಣಿದ ಸ್ನಾಯು ರಕ್ತಕ್ಕೆ ಬಿಡುವ ಅಂಶವೂ ಏರಿತ್ತು. ಹಾಸ್ಟೆಲಿನವರು ಕಾಯಿಲೆಯೇನೋ ಎಂದು ಅನುಮಾನಪಟ್ಟರು. ಓಡಿ ಬಂದ ಸಂಗತಿ ಬಯಲಾದಾಗ ಲ್ಯಾಬಿನ ವೈದ್ಯರು ನಕ್ಕು, ಮೂರು ದಿನ ಓಟ ನಿಲ್ಲಿಸಿ ಬೆಳಗ್ಗೆ ಎದ್ದ ಕೂಡಲೇ ಮತ್ತೆ ತೆಗೆಯಲು ಹೇಳಿದರು. "ಬರೋದು ಬೇಡ ಕಣೇ, ನಾನೇ ಬತ್ತೀನಿ," ಅಂದರು ಗುಲ್ಷನ್. ಹೊಸ ವರದಿ ಇವತ್ತು ಸಂಜೆಯೊಳಗೆ ಹಾಸ್ಟೆಲಿಗೆ ತಲುಪದಿದ್ದರೆ ಸೀಟಿಲ್ಲ.

"ಒಂದೇ ಮೈ, ಆದ್ರೆ ಬೆಳಿಗ್ಗೆ ಒಂದು ಲೆಕ್ಕ, ಸಂಜೆ ಒಂದು, ಓಡಿದ್ಮೇಲೆ ಇನ್ನೊಂದು," ಎನ್ನುತ್ತಾರೆ ಗುಲ್ಷನ್. ಗಂಡ ತನ್ವೀರ್ ಗಡಿಯಾರ ರಿಪೇರಿ ಮಾಡುವವರು. "ಅವರಿಗೆ ನಿಂತೋದ ಗಡಿಯಾರ, ನಂಗೆ ನಿಲ್ಲದೇ ಇರೋ ಗಡಿಯಾರ," ಎಂಬುದು ಹೆಂಡತಿಯ ತಮಾಷೆ.

ಮಧ್ಯಾಹ್ನ ವರದಿ ಬರುತ್ತದೆ. ಎಲ್ಲವೂ ಮಿತಿಯೊಳಗೆ. ಹಾಸ್ಟೆಲಿಗೆ ಕಳಿಸಿ, ಗುಲ್ಷನ್ ಅಮೃತಾಪುರಕ್ಕೆ ಫೋನ್ ಹಚ್ಚುತ್ತಾರೆ.

"ಹಂಗಾದ್ರೆ ಬಾಗ್ಲು ತೆಗೀಲಾ?" ಎಂದ ಅಜ್ಜಿ ಮರುಕ್ಷಣವೇ ಕೂಗುತ್ತಾರೆ: "ಅಯ್ಯೋ, ಹೋದ್ಲು ಕಣಮ್ಮ!"

ಏನಾದರೂ ಆಸೆಯಿದೆಯೇ ಎಂದರೆ ಗುಲ್ಷನ್ ಟ್ಯೂಬುಗಳನ್ನು ಜೋಡಿಸುತ್ತಾ ನಗುತ್ತಾರೆ. "ಎಲ್ರನ್ನೂ ಕೂರಿಸೇ ನೋಡಿದೀನಿ. ಇವ್ರಲ್ಲಿ ಒಬ್ರಾದ್ರೂ ಓಡೋದು ನೋಡ್ಬೇಕು."

ಬಿಸಿಲು ಇಳಿಯುವ ಹೊತ್ತಿಗೆ ಲ್ಯಾಬಿನ ಮುಂದಿನ ರಸ್ತೆಯಲ್ಲಿ ಯಾರೋ ಕೂಗುತ್ತಾರೆ. ಗುಲ್ಷನ್ ಹೊರಗೆ ಬಂದರೆ, ತಿರುವಿನಲ್ಲಿ ವಿಭಾ. ನೆಲಕ್ಕೆ ಕಾಲು ತಾಗಿಯೂ ತಾಗದಂತೆ ಬರುತ್ತಿದ್ದಾಳೆ. ಗುಲ್ಷನ್ ಕೈಯಲ್ಲಿದ್ದ ಹತ್ತಿ ಹಾಗೇ ಉಳಿಯುತ್ತದೆ.

"ಇವತ್ತೂ ಬಸ್ ಸಿಗ್ಲಿಲ್ವೇನೇ?"

"ಸಿಕ್ತು ಅಕ್ಕಾ," ಏದುಸಿರಿನಲ್ಲೇ ವಿಭಾ ನಗುತ್ತಾಳೆ. "ಹಿಂದೆ ಬತ್ತಾ ಐತೆ."