ಟಾಲಿಗಂಜ್‌ನ ಅಜ್ಜಿಯ ತಾಯಿ ಆಡಿದ ಮಾತು

ತಾಯಿಯಿಂದ ಮಕ್ಕಳಿಗೆ ಇಳಿಯುವ ಡಿಎನ್‌ಎ ಹಿಡಿದು, ಯಾವ ಜನ ಎಲ್ಲಿಂದ ಎಲ್ಲಿಗೆ ಹೋದರು ಅಂತ ಹುಡುಕೋ ಸಂಶೋಧಕಿ ನಾನು. ಕೋಲ್ಕತ್ತದ ಟಾಲಿಗಂಜ್‌ನ ಬಂಗಾಳಿ ಅಜ್ಜಿಯೊಬ್ಬರ ಡಿಎನ್‌ಎ ನನ್ನದಕ್ಕೇ ಹೊಂದಿತು. ಹೇಳಲು ಅವರ ಮನೆಗೆ ಹೋದೆ.

"ನಮ್ಮಿಬ್ಬರ ತಾಯಿಬೇರು ಒಂದೇ, ಮಾಶಿಮಾ. ಆದರೆ ಸಾವಿರಾರು ವರ್ಷ ಹಿಂದಿನದು," ಎಂದೆ ಹಿಂದಿಯಲ್ಲಿ.

ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ನನ್ನಮ್ಮ ಬಂಗಾಳ ಬಿಟ್ಟು ಹೋದವಳಲ್ಲ. ಸಾಯುವಾಗ ಮಾತ್ರ ಏನೋ ಒಂದೇ ಮಾತು ಹೇಳುತ್ತಿದ್ದಳು. ಯಾರಿಗೂ ತಿಳಿಯಲಿಲ್ಲ. ನಿನಗೆ ತಿಳಿಯುತ್ತಾ ನೋಡು," ಎಂದು ಕಣ್ಣು ಮುಚ್ಚಿ, ತಡವರಿಸದೆ ಹೇಳಿದರು:

"ಬಾಗಿಲಾ ತಗೀರಿ, ಮಗಳು ಬಂದಾಳ."

ಅದು ನಮ್ಮ ಧಾರವಾಡದ ಕನ್ನಡ! ಹಿಂದಿಯಲ್ಲಿ ಅರ್ಥ ಹೇಳಿದೆ.

ಅಜ್ಜಿ ನನ್ನನ್ನೇ ದಿಟ್ಟಿಸಿದರು. "ಬಹಳ ತಡ ಮಾಡಿಬಿಟ್ಟೆಯಲ್ಲ," ಎಂದರು.

ಭಾಷೆ ರಕ್ತದಲ್ಲಿ ಹರಿಯೋದಿಲ್ಲ ಅಂತ ಹೋದಲ್ಲೆಲ್ಲ ಭಾಷಣ ಬಿಗಿಯುವವಳು ನಾನು. ಅಲ್ಲಿ ಮಾತ್ರ "ಹೌದ್ರಿ, ತಡ ಆತು," ಅಂದೆ, ಕನ್ನಡದಲ್ಲೇ.