ಮೂರು ಇಂಚು ಕಳೆದ ಟೇಪು

ನಮ್ಮಕ್ಕ ಹಟ ಹಿಡಿದರೆ ಮುಗಿಯಿತು, ಬಿಡಿಸಲು ಯಾರಪ್ಪನಿಂದಲೂ ಆಗದು. ಹೊಲಿಗೆ ತರಬೇತಿ ಕೇಂದ್ರದಲ್ಲಿ ಹನ್ನೊಂದು ವರ್ಷದಿಂದ ಕಟಿಂಗ್ ಕಲಿಸುತ್ತಿದ್ದಳು. ಅಲ್ಲಿನ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಹನ್ನೊಂದು ವರ್ಷವೂ ‘ತಾತ್ಕಾಲಿಕ’ ಎಂಬ ಪದ ಅಂಟಿಕೊಂಡೇ ಇತ್ತು. ಒಂದು ದಿನ ಮೇಲಿನವರು ಕಡ್ಡಿ ಮುರಿದಂತೆ ಹೇಳಿದರು: ಎರಡು ವರ್ಷದೊಳಗೆ ಹನ್ನೆರಡನೇ ತರಗತಿ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಆ ಜಾಗಕ್ಕೆ ಬೇರೆಯವರು.

ನಲವತ್ತಾರನೇ ವಯಸ್ಸಿನಲ್ಲಿ ಅಕ್ಕ ಪರೀಕ್ಷೆ ಕಟ್ಟಿದಳು. ಉಳಿದ ವಿಷಯಗಳೆಲ್ಲ ಒಂದೇ ಏಟಿಗೆ ಪಾಸು. ಗಣಿತ ಕೈಕೊಟ್ಟಿತು. ಎರಡನೇ ಸಲವೂ ಕೈಕೊಟ್ಟಿತು. ಇನ್ನು ಉಳಿದದ್ದು ಒಂದೇ ಅವಕಾಶ.

“ಸಾಕು ಬಿಟ್ಬಿಡಕ್ಕ, ನಮ್ಮ ಹೊಲಿಗೆ ಅಂಗಡಿ ಇದೆಯಲ್ಲ,” ಎಂದೆ ನಾನು. ಅವಳು ನನ್ನನ್ನು ದುರುಗುಟ್ಟಿ ನೋಡಿ ಮತ್ತೆ ಗಣಿತದ ಪುಸ್ತಕ ತೆರೆದಳು.

ಹಿಂದಿನ ಬೀದಿಯ ನಿವೃತ್ತ ಗಣಿತ ಮೇಷ್ಟ್ರು ಸಂಜೆ ಅಂಗಡಿಗೆ ಬಂದು ಕಟಿಂಗ್ ಮೇಜಿನ ಮೇಲೆಯೇ ಪಾಠ ಮಾಡತೊಡಗಿದರು. ಎಕ್ಸ್ ವರ್ಗದ ಗ್ರಾಫ್ ಬರೆದ ಕೂಡಲೇ ಅಕ್ಕ, “ಇದು ಯು ಕುತ್ತಿಗೆ, ಸಾರ್,” ಎಂದಳು. ಹೊರಗೆ ಮೂರು ಕೂಡಿಸಿದರೆ ಆ ಕುತ್ತಿಗೆ ಮೂರು ಮನೆ ಮೇಲೇರುತ್ತದೆ, ಮುಂದೆ ಮೈನಸ್ ಹಾಕಿದರೆ ಬೋರಲಾಗುತ್ತದೆ. ಇದೆಲ್ಲ ಅವಳಿಗೆ ನೀರು ಕುಡಿದಷ್ಟು ಸುಲಭ. ತಕರಾರೆಲ್ಲ ಬ್ರಾಕೆಟ್ಟಿನ ಒಳಗೆ.

“ಬ್ರಾಕೆಟ್ ಒಳಗೆ ಎಕ್ಸ್ ಮೈನಸ್ ಮೂರು, ಅದರ ವರ್ಗ ಅಂತೀರ. ಕಳೆದ್ಮೇಲೆ ಕುತ್ತಿಗೆ ಎಡಕ್ಕೆ ತಾನೇ ಹೋಗ್ಬೇಕು? ಬಲಕ್ಕೆ ಯಾಕೆ ಹೋಗುತ್ತೆ?”

“ಬ್ರಾಕೆಟ್ ಒಳಗಿರೋದು ಉಲ್ಟಾ ಕೆಲ್ಸ ಮಾಡುತ್ತಮ್ಮ. ಬಾಯಿಪಾಠ ಮಾಡ್ಕೊಂಡ್ಬಿಡು.”

“ಬಾಯಿಪಾಠ ಮಾಡೇ ಎರಡು ಸಲ ಫೇಲಾಗಿರೋದು. ಪರೀಕ್ಷೇಲಿ ಕೂತ್ರೆ ಆ ಉಲ್ಟಾನೂ ಉಲ್ಟಾ ಆಗುತ್ತೆ. ಯಾಕೆ ಅಂತ ಹೇಳಿ, ಸಾರ್.”

ಮೇಷ್ಟ್ರು ನಾಲ್ಕು ಥರ ಹೇಳಿದರು. ನಾಲ್ಕೂ ಅವಳ ತಲೆಯ ಮೇಲಿಂದಲೇ ಹಾರಿಹೋದವು. ಆದರೂ ಅವಳು ದಿನಾ ಹತ್ತು ಗ್ರಾಫ್ ಬರೆದಳು, ಅದರಲ್ಲಿ ಆರು ತಪ್ಪು.

ನಮ್ಮ ಮೇಜಿನ ಮೇಲೊಂದು ಹಳೆಯ ಟೇಪಿದೆ. ಅಮ್ಮನ ಕಾಲದ್ದು, ಮೊದಲ ಮೂರು ಇಂಚು ಹರಿದುಹೋಗಿ ಅಂಕಿ ಮೂರರಿಂದಲೇ ಶುರುವಾಗುತ್ತದೆ. ಎಸೆಯಲು ಅಕ್ಕ ಬಿಡಳು. ಪರೀಕ್ಷೆಗೆ ಹದಿನೈದು ದಿನ ಇರುವಾಗ ನಾನು ಮೇಷ್ಟ್ರಿಗೆ ಪ್ಯಾಂಟು ಹೊಲಿದೆ. ಹೊಸ ಟೇಪಿನಲ್ಲಿ ಅವರ ಪ್ಯಾಂಟಿನ ಉದ್ದ ಅಳೆದೆ, ನಲವತ್ತು ಇಂಚು. ಬಟ್ಟೆಗೆ ಗೆರೆ ಹಾಕುವಾಗ ಕೈಗೆ ಸಿಕ್ಕಿದ್ದು ಹಳೆಯದು. ಸಂಜೆ ಮೇಷ್ಟ್ರು ಪ್ಯಾಂಟು ಹಾಕಿಕೊಂಡು ಪರದೆಯ ಹಿಂದಿನಿಂದ ಬಂದರೆ, ಕಾಲುಚೀಲ ಪೂರ್ತಿ ಕಾಣುತ್ತಿತ್ತು. “ಹೊಳೆ ದಾಟೋಕೆ ಹೊಲಿದ್ಯೇನಮ್ಮ?” ಎಂದರು ಅವರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಕ್ಕ ಉರಿದುಬಿದ್ದಳು. “ಇಪ್ಪತ್ತು ವರ್ಷದಿಂದ ಈ ಟೇಪ್ ನೋಡ್ತಿದ್ದೀಯ! ಇದು ತೋರ್ಸೋದ್ರಲ್ಲಿ ಮೂರು ಕಳೆದು ಓದ್ಬೇಕು ಅಂತ ಗೊತ್ತಿಲ್ವಾ? ಮೂರು ಕಳೆಯುತ್ತೆ, ಅದಕ್ಕೇ ಗೆರೆ ಮೂರು ಮುಂದೆ ಹಾಕ್ಬೇಕು! ನಲವತ್ತು ಬೇಕಿದ್ರೆ ನಲವತ್ಮೂರಕ್ಕೆ...”

ಅಲ್ಲಿಗೇ ನಿಂತಳು. ಬಾಯಿ ತೆರೆದೇ ಇತ್ತು.

“ಸಾರ್,” ಎಂದಳು ಮೆಲ್ಲಗೆ. “ಎಕ್ಸ್ ಅಂದ್ರೆ ಟೇಪಲ್ಲಿ ಕಾಣೋ ಅಂಕಿ. ಅದರಲ್ಲಿ ಮೊದಲೇ ಮೂರು ಕಳೆದಿದೆ. ಸೊನ್ನೆ ಸಿಗ್ಬೇಕಾದ್ರೆ ಮೂರರ ಹತ್ರ ಹೋಗ್ಬೇಕು, ಅದಕ್ಕೇ ಕುತ್ತಿಗೆ ಬಲಕ್ಕೆ ಹೋಗುತ್ತೆ. ಇಷ್ಟೇನಾ?”

ಮೇಷ್ಟ್ರು ಗಿಡ್ಡ ಪ್ಯಾಂಟಿನಲ್ಲೇ ಸ್ಟೂಲಿನ ಮೇಲೆ ಕುಕ್ಕರಿಸಿದರು. “ಮೂವತ್ತು ವರ್ಷ ಪಾಠ ಮಾಡ್ದೆ. ಇದು ನನಗೆ ಹೊಳೀಲಿಲ್ಲವಲ್ಲಮ್ಮ,” ಎಂದರು. ನನ್ನ ತಪ್ಪನ್ನು ಆಮೇಲೆ ಯಾರೂ ಎತ್ತಲಿಲ್ಲ. ಹೊಸ ಬಟ್ಟೆ ತಂದು ಅದೇ ಹಳೆಯ ಟೇಪಿನಲ್ಲಿ ನಲವತ್ತಮೂರಕ್ಕೆ ಗೆರೆ ಹಾಕಿ ಮತ್ತೊಂದು ಹೊಲಿದುಕೊಟ್ಟೆ.

ಮುಂದಿನ ಹದಿನೈದು ದಿನ ಅಕ್ಕ ಆ ಹರಿದ ಟೇಪನ್ನು ಕೊರಳಿಗೆ ಹಾಕಿಕೊಂಡೇ ಗ್ರಾಫ್ ಬರೆದಳು. ಹತ್ತಕ್ಕೆ ಹತ್ತೂ ಸರಿಯಾಗುವವರೆಗೆ ಏಳುತ್ತಿರಲಿಲ್ಲ. ಪರೀಕ್ಷೆಯಲ್ಲಿ ಬ್ರಾಕೆಟ್ಟಿನ ಒಳಗೆ ಬಂದದ್ದು ಎಕ್ಸ್ ಪ್ಲಸ್ ಎರಡು.

“ಮನಸ್ಸಲ್ಲೇ ಟೇಪಿನ ತುದಿಗೆ ಎರಡು ಇಂಚು ತೇಪೆ ಹಚ್ಚಿದೆ ಕಣೇ,” ಎಂದಳು ಮನೆಗೆ ಬಂದು. “ಕುತ್ತಿಗೆ ಎಡಕ್ಕೆ ಬರದೆ ಎಲ್ಲಿಗೆ ಹೋಗುತ್ತೆ?”

ನೂರಕ್ಕೆ ನಲವತ್ತೆಂಟು ಬಂತು. ಪಾಸಾದ ದಿನ ಅವಳು ನಗಲಿಲ್ಲ, ಅಳಲಿಲ್ಲ, ಅಂಕಪಟ್ಟಿಯನ್ನು ಇಸ್ತ್ರಿ ಮಾಡಿದ ಅಂಗಿಯಂತೆ ಜೋಪಾನವಾಗಿ ಎತ್ತಿಟ್ಟಳು. ರಜೆ ಮುಗಿದು ತರಬೇತಿ ಕೇಂದ್ರ ಮತ್ತೆ ತೆರೆದ ದಿನ ಹಾಜರಿ ಹಾಕಿ ನೇರ ಅಂಗಡಿಗೆ ಬಂದಳು. ಬಾಗಿಲಲ್ಲೇ ನಿಂತಳು. ಕಣ್ಣು ತುಂಬಿತ್ತು.

“ಆ ಪದ ಇಲ್ಲ ಕಣೇ,” ಎಂದಳು. “ಬರೀ ನನ್ನ ಹೆಸರಿದೆ.”

‘ಬಿಟ್ಬಿಡಕ್ಕ’ ಎಂದಿದ್ದವಳು ನಾನೇ. ನಾಚಿಕೆಯಾಯಿತು. ಮಷಿನ್ ನಿಲ್ಲಿಸಿ ಎದ್ದು ಹೋಗಿ ಅವಳನ್ನು ತಬ್ಬಿಕೊಂಡೆ. ಕೊರಳಲ್ಲಿ ಅದೇ ಹರಿದ ಟೇಪು ಇತ್ತು.